ಕಲ್ಲೋಳಿಯಿಂದ ಕಂಡ ಕರಾವಳಿ

ಆಗೋದಿಲ್ಲ ಅಂತ ಮೊದಲು ಹೇಳಿದವನು ನನ್ನ ಸೋದರಮಾವ. ಹುಕ್ಕೇರಿಯವನು, ಅವ್ವನ ಅಣ್ಣ. ಗೊಬ್ಬರದ ಅಂಗಡಿ ಇಟ್ಟವನು. ನಾಲ್ಕು ಮಂದಿ ಕೂತಲ್ಲಿ ಐದನೆಯವನಾಗಿ ಹೋಗಿ ಮೊದಲನೆಯವನಾಗಿ ಮಾತಾಡುವವನು. ನಾನು ಎಂ.ಎ.ಗೆ ಹೆಸರು ಹಚ್ಚಿದ ಸುದ್ದಿ ಕೇಳಿ ಕಲ್ಲೋಳಿಗೆ ಬಂದ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಚಹಾ ಬಸಿಯಲ್ಲಿ ಸುರುವಿಕೊಂಡು ಊದುತ್ತ ಹೇಳಿದ:

"ಕಾಲುವಿಗೆ ನೀರ ಬಿಡಾಂವನ ಮಗಳು ಎಂ.ಎ. ಮಾಡ್ತಾಳಂತ. ಎಮ್ಮಿ ಸಂತ್ಯಾಗ ಕುದರಿ ಹುಡುಕಿದಂಗಾತು. ಆಗಂಗಿಲ್ಲ ತಂಗಿ, ಬರದ ಇಟ್ಕೋ."

"ಬರದ ಇಟ್ಕೊಳ್ಳಾಕ ನನಗ ಬರಿಯಾಕ ಎಲ್ಲಿ ಬರತೈತಿ ಅಣ್ಣಾ," ಎಂದಳು ಅವ್ವ. "ಅದಕ್ಕ ಅಕಿನ್ನ ಕಳಸಾಕತ್ತೇವಿ."

ಅವನ ಮಾತಿನಲ್ಲಿ ಅವನ ಸ್ವಂತದ ವಿಷಯವೂ ಇತ್ತು. ನಮ್ಮ ಕಡೆ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರಮಾವನ ಮನೆಯದು. ಅವನ ಮಗನಿಗೆ ನಾನು ಅಂತ, ನಾನಿನ್ನೂ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಹುಡುಗ ಕೆಟ್ಟವನಲ್ಲ. ಅಂಗಡಿಯಲ್ಲಿ ಅಪ್ಪನ ಬಾಜೂ ನಿಂತು ಗೊಬ್ಬರದ ಚೀಲ ಎತ್ತಿಕೊಡುತ್ತಿದ್ದ, ನನ್ನನ್ನು ಕಂಡರೆ ಮೊಬೈಲ್ ನೋಡತೊಡಗುತ್ತಿದ್ದ. ಅವನನ್ನೂ ಯಾರೂ ಕೇಳಿರಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ. ನಾನು ಬಿ.ಎ. ಓದುವಾಗ ಯಾರೂ ತಕರಾರು ತೆಗೆಯಲಿಲ್ಲ. ಬೆಳಗಿನ ಬಸ್ಸಿಗೆ ಗೋಕಾಕಕ್ಕೆ ಹೋಗಿ ಸಂಜೆಯ ಬಸ್ಸಿಗೆ ಮರಳುವ ಓದನ್ನು ಮದುವೆಯ ತನಕ ಹೊತ್ತು ಕಳೆಯುವ ಕೆಲಸ ಅಂತಲೇ ಎಲ್ಲರೂ ತಿಳಿದಿದ್ದರು. ಎಂ.ಎ. ಅಂದರೆ ಬೆಳಗಾವಿ, ಹಾಸ್ಟೆಲ್, ಎರಡು ವರ್ಷ. ಅದು ಹೊತ್ತು ಕಳೆಯುವುದಲ್ಲ ಅಂತ ಮಾವನಿಗೆ ತಿಳಿಯಿತು. ಜಾಣ ಅವನು.

ಅಪ್ಪ ಅಲ್ಲಿಯತನಕ ಕಂಬಕ್ಕೆ ಒರಗಿ ಕೂತಿದ್ದ. ಕಡೆಗೆ ಹೇಳಿದ: "ಎರಡ ವರ್ಷ ಬಿಡ್ರಿ. ಒಂದ ಏಟಿಗೆ ಪಾಸಾಗಿ ಬಂದ್ಲಂದ್ರ ಆಕಿ ಹೇಳಿದಂಗ. ನಡುವ ಎಲ್ಲ್ಯಾರ ಕುಂಟಿದ್ಲಂದ್ರ ನೀವ ಹೇಳಿದಂಗ. ಅಕ್ಕಿಕಾಳ ಹಾಕಿ ಮದಿವಿ ಮಾಡೋಣು."

"ಮಾತ?"

"ಮಾತ."

ಅಪ್ಪ ಕೊಟ್ಟ ಮಾತು ತಪ್ಪುವವನಲ್ಲ. ನನಗೆ ವಿರುದ್ಧವಾದರೂ ತಪ್ಪುವುದಿಲ್ಲ. ಅವನ ಕೆಲಸವೇ ಅಂಥದು. ಹಿಡಕಲ್ ಡ್ಯಾಮಿನಿಂದ ಬರುವ ದೊಡ್ಡ ಕಾಲುವೆಯಿಂದ ನಮ್ಮ ಊರಿನ ಹೊಲಗಳಿಗೆ ನೀರು ಒಡೆದು ಬಿಡುವ ಗೇಟು ಅವನ ಕೈಯಲ್ಲಿತ್ತು. ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ನೀರು ಅನ್ನುವುದಕ್ಕೆ ನಮ್ಮಲ್ಲಿ ಪಾಳಿ ಅನ್ನುತ್ತಾರೆ. ಮಳೆ ತಪ್ಪಬಹುದು, ಬಸ್ಸು ತಪ್ಪಬಹುದು, ಪಾಳಿ ತಪ್ಪಿದರೆ ಸಲಿಕೆಗಳು ಮೇಲೇಳುತ್ತವೆ. ನಮ್ಮ ಮನೆಯಲ್ಲಿ ಮಾತಿನ ಶುರುವಾತೇ "ಇವತ್ತ ಯಾರ ಪಾಳಿ" ಅಂತ. ಮನೆಗೆ ಬಂದವರು ಕುಶಲ ಕೇಳುವ ಮೊದಲು ಅದನ್ನೇ ಕೇಳುತ್ತಿದ್ದರು. ಕಾಲುವೆಯ ತಲೆಗಿದ್ದವರು ಪಾಳಿ ಇಲ್ಲದಾಗಲೂ ಕದ್ದು ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನೆಲ ಕೆಡಿಸಿಕೊಂಡರು. ಬಾಲಕ್ಕಿದ್ದವರು ಬರೀ ಕಾಲುವೆಯ ಒಣಗಿದ ಹೊಟ್ಟೆ ನೋಡಿದರು. ತಗ್ಗಿನಲ್ಲಿದ್ದ ನಮ್ಮದೊಂದು ತುಂಡು ಹೊಲಕ್ಕೆ ಮೇಲಿನವರ ನೀರೆಲ್ಲ ಬಸಿದು ಬಂದು ಸವಳು ಹತ್ತಿತು. ಸವಳು ಅಂದರೆ ನೆಲದ ಉಪ್ಪು ಮೇಲೆ ಬಂದು ಹೊಲ ಸುಣ್ಣ ಬಳಿದಂತೆ ಬೆಳ್ಳಗಾಗುವುದು. ಅದರಲ್ಲಿ ಜಾಲಿ ಬಿಟ್ಟು ಬೇರೆ ಏನೂ ಏಳುವುದಿಲ್ಲ. ಅವ್ವ ಆ ಹೊಲದ ಕಡೆ ಹೋಗುವುದನ್ನೇ ಬಿಟ್ಟಿದ್ದಳು.

ನಾನು ಭೂಗೋಳ ತೆಗೆದುಕೊಂಡದ್ದು ಈ ಕಾರಣಕ್ಕೇ ಇರಬೇಕು. ನಿಜ ಹೇಳಬೇಕೆಂದರೆ ಬೇರೆ ವಿಷಯದಲ್ಲಿ ಸೀಟು ಮುಗಿದಿತ್ತು. ಎರಡೂ ಖರೆ.

ಎಂ.ಎ. ಕಡೆಯ ವರ್ಷ ಪ್ರತಿಯೊಬ್ಬರೂ ಒಂದು ಜಿಲ್ಲೆಯ ಇತಿಹಾಸ ಮತ್ತು ಭೂಗೋಳದ ಮೇಲೆ ಪ್ರಬಂಧ ಬರೆಯಬೇಕು, ಅದರ ಮೇಲೆ ಹೊರಗಿನ ಪರೀಕ್ಷಕರು ಬಂದು ಪ್ರಶ್ನೆ ಕೇಳುತ್ತಾರೆ. ಜಗಳ ಆಗಬಾರದೆಂದು ನಮ್ಮ ಮಾರ್ಗದರ್ಶಕರು ಜಿಲ್ಲೆಗಳ ಹೆಸರು ಬರೆದು ಚೀಟಿ ಎತ್ತಿಸಿದರು. ನನ್ನ ಕೈಗೆ ಉತ್ತರ ಕನ್ನಡ ಬಂತು. ಪಕ್ಕದ ಹುಡುಗಿಗೆ ಬೆಳಗಾವಿ ಬಂದಿತ್ತು, ಅವಳು ಕಾರವಾರದವಳು. ಸರ್ ನಗುತ್ತ ಹೇಳಿದರು:

"ನೀವಿಬ್ಬರೂ ಬದಲಿ ಮಾಡ್ಕೊಂಡು ಬಿಡ್ರಿ. ನೀನು ಸಮುದ್ರ ನೋಡೀಯೇನ?"

"ಇಲ್ಲರಿ ಸರ್."

"ಹಂಗಂದ ಮ್ಯಾಲ? ಸಮುದ್ರ ನೋಡದಾಕಿ ಕರಾವಳಿ ಬಗ್ಗೆ ಏನ ಬರೀತಿ? ಆಗೋ ಮಾತಲ್ಲ. ಕೊಡ ಚೀಟಿ."

ಕಾರವಾರದವಳು ಕೈ ಮುಂದೆ ಚಾಚಿದಳು. ನಾನು ಚೀಟಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಕರದಂಟ ಊರಿನಾಕಿ, ಗಟ್ಟಿ ಹಿಡದಾಳ್ರಿ ಸರ್" ಅಂದ. ಎಲ್ಲರೂ ನಕ್ಕರು. ಬೆಳಗಾವಿ ಜಿಲ್ಲೆ ತೆಗೆದುಕೊಂಡಿದ್ದರೆ ಸುಲಭವಿತ್ತು, ಗೊತ್ತಿತ್ತು. ಆದರೆ ಸುಲಭ ಅನ್ನುವುದರ ಅರ್ಥವೂ ಗೊತ್ತಿತ್ತು: ಮನೆಯಲ್ಲೇ ಕೂತು ಬರೆ, ನಡುವೆ ರೊಟ್ಟಿ ಬಡಿ, ಮಾವ ಬಂದಾಗ ಚಹಾ ಇಡು. ಆಗೋ ಮಾತಲ್ಲ ಅನ್ನುವುದನ್ನು ನಾನು ಅಷ್ಟರಲ್ಲಿ ಬೇಕಾದಷ್ಟು ಸಲ ಕೇಳಿದ್ದೆ. "ಸಮುದ್ರ ಎಲ್ಲೂ ಹೋಗೂದಿಲ್ಲಲ್ಲರಿ ಸರ್," ಅಂದೆ. "ನಾನ ಹೋಗಿ ನೋಡ್ತೀನಿ."

ಮನೆಯಲ್ಲಿ ಮತ್ತೆ ಪಂಚಾಯಿತಿ. ಹರೆಯದ ಹುಡುಗಿ ಒಬ್ಬಳೇ ಘಟ್ಟದ ಕೆಳಗೆ ಹೋಗುವುದೇ? ಮಾವ ಹುಕ್ಕೇರಿಯಿಂದ ಫೋನಿನಲ್ಲೇ ತೀರ್ಪು ಕೊಟ್ಟ: "ಹೋದ್ರ ನನ್ನ ತಂಗಿನ್ನ ಕರಕೊಂಡ ಹೋಗಲಿ." ಅವ್ವ ಬರುವುದಿಲ್ಲ, ಎಮ್ಮೆ ಬಿಟ್ಟು ಅವಳು ಎಲ್ಲಿಗೂ ಹೋಗುವವಳಲ್ಲ ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ಹಾಗೆ ಅಂದ. ಅವ್ವ ಫೋನು ಇಟ್ಟವಳೇ ಎಮ್ಮೆಯನ್ನು ಬಾಜೂ ಮನೆಯವರಿಗೆ ಒಪ್ಪಿಸಿ, ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು.

ಗೋಕಾಕದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಯಲ್ಲಾಪುರ, ಅಲ್ಲಿಂದ ಘಟ್ಟ ಇಳಿದು ಅಂಕೋಲಾ, ಕುಮಟಾ. ಘಟ್ಟದ ತಿರುವುಗಳಲ್ಲಿ ಅವ್ವ ಕಿಟಕಿಯ ಕಂಬಿ ಹಿಡಿದು ಕಣ್ಣು ಮುಚ್ಚಿ ವಚನ ಹೇಳಿಕೊಳ್ಳುತ್ತಿದ್ದಳು. ನಾನು ನಕ್ಷೆ ತೊಡೆಯ ಮೇಲೆ ಹರಡಿಕೊಂಡು ಕೂತಿದ್ದೆ. ನಮ್ಮ ಘಟಪ್ರಭೆ ಹುಟ್ಟುವುದು ಇದೇ ಸಹ್ಯಾದ್ರಿಯ ಸಾಲಿನಲ್ಲಿ. ಪಡುವಣ ಸಮುದ್ರ ಕೂಗಳತೆಯಲ್ಲಿದ್ದರೂ ಅದು ಬೆನ್ನು ತಿರುಗಿಸಿ, ಗೋಕಾಕದಲ್ಲಿ ಬಂಡೆಯಿಂದ ಜಿಗಿದು, ಮಸಗುಪ್ಪಿಯ ಹೊಲಗಳ ಬದಿಯಿಂದ ಹಾಯ್ದು, ಕೃಷ್ಣೆ ಸೇರಿ ಪೂರ್ವದ ಸಮುದ್ರಕ್ಕೆ ಹೋಗುತ್ತದೆ. ಹತ್ತಿರದ ದಾರಿ ಬಿಟ್ಟು ದೂರದ ದಾರಿ ಹಿಡಿದ ನದಿ. ಘಟ್ಟದ ಕೆಳಗಿನ ಉಪ್ಪು ಒಂದು ಕಾಲಕ್ಕೆ ಎತ್ತುಗಳ ಬೆನ್ನ ಮೇಲೆ ಈ ದಾರಿಗಳನ್ನೇ ಹತ್ತಿ ನಮ್ಮ ಬಯಲಿಗೆ ಬರುತ್ತಿತ್ತು. ಬಯಲಿನ ಹತ್ತಿ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಎರಡೂ ಜಿಲ್ಲೆಗಳು ಮುಂಬಯಿ ಸರಕಾರದ ಕೆಳಗಿದ್ದವು. ನಾನು ಪರದೇಶಕ್ಕೇನೂ ಹೊರಟಿರಲಿಲ್ಲ. ಪುಸ್ತಕ ಓದಿ ಇಷ್ಟು ಗೊತ್ತು ಮಾಡಿಕೊಂಡೇ ಬಸ್ಸು ಹತ್ತಿದ್ದೆ.

ಸಮುದ್ರ ನೋಡಿ ಮಾತು ನಿಂತುಹೋಯಿತು ಅಂತ ಇಲ್ಲಿ ಬರೆಯಬೇಕೇನೋ. ನಿಲ್ಲಲಿಲ್ಲ. ನನಗೆ ಮೊದಲು ಅನ್ನಿಸಿದ್ದು, ಇಷ್ಟು ನೀರಿಗೆ ಒಂದೂ ಗೇಟಿಲ್ಲವಲ್ಲ ಅಂತ. ಅವ್ವ ಅಂಗೈಯಲ್ಲಿ ನೀರು ತೆಗೆದು ನಾಲಿಗೆಗೆ ಹಚ್ಚಿಕೊಂಡು, "ಥೂ, ಯಾರಿಗೂ ಉಪಯೋಗ ಇಲ್ಲದ್ದು" ಅಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ನಾವು ಉಳಿದದ್ದು ಅಘನಾಶಿನಿ ನದಿ ಸಮುದ್ರ ಸೇರುವ ಕಡೆಯ ಒಂದು ಹಳ್ಳಿಯಲ್ಲಿ. ಸರ್ ಪರಿಚಯದವರೊಬ್ಬರ ಮೂಲಕ ಹೇಳಿಸಿದ್ದ ಮನೆ. ಮನೆಯಾಕೆ ಐವತ್ತರ ಆಸುಪಾಸಿನವಳು, ಗದ್ದೆ ಮಾಡಿಸುವವಳು, ಬಾಯಿ ತುಂಬ ಎಲೆಯಡಿಕೆ. ನನ್ನ ಕೈಯಲ್ಲಿ ಪುಸ್ತಕ ನೋಡಿ ಸಾಲೆಯ ಅಕ್ಕೋರು ಅಂತ ತಿಳಿದು, ಕಡೆಯ ತನಕ "ಅಕ್ಕೋರೆ" ಅಂತಲೇ ಕರೆದಳು. ನಾನೂ ತಿದ್ದಲಿಲ್ಲ. ಕೇಳಲು ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಆಕೆ ನಮ್ಮನ್ನು ಗದ್ದೆಗೆ ಕರೆದುಕೊಂಡು ಹೋದಳು. ಕಟಾವು ಮುಗಿದಿತ್ತು. ಉದ್ದಕ್ಕೆ ಮಣ್ಣಿನ ಒಡ್ಡು, ಒಡ್ಡಿನ ಆಚೆ ನದಿಯ ಕಡೆಯಿಂದ ಬಂದ ಕಾಲುವೆಯಂಥದು, ನಡುವೆ ಹಲಗೆಯ ಬಾಗಿಲು. ಬಾಗಿಲು ತೆರೆದಿತ್ತು. ನೀರು ತುಂಬಿಕೊಂಡು ಒಳಗೆ ನುಗ್ಗುತ್ತಿತ್ತು. ಬಾಗಿಲು, ಕಾಲುವೆ, ಗದ್ದೆಗೆ ಹೋಗುವ ನೀರು! ನನಗೆ ನಮ್ಮೂರಿಗೇ ಬಂದಂತಾಯಿತು. ನಕ್ಷೆಯ ಹಾಳೆ ತೆಗೆದು, ಸಮುದ್ರದಿಂದ ಗುಡ್ಡದ ಕಡೆಗೆ ಬಾಣದ ಗುರುತು ಎಳೆದು, ಬಹಳ ತಿಳಿದವಳಂತೆ ಕೇಳಿದೆ:

"ಇವತ್ತು ಯಾರ ಪಾಳಿ ಅಮ್ಮಾ?"

"ಎಂತದು?"

"ಪಾಳಿ. ನೀರಿನ ಪಾಳಿ. ಇವತ್ತು ಯಾರಿಗೆ ನೀರು ಬಿಟ್ಟಾರ?"

ಆಕೆ ಎಲೆಯಡಿಕೆ ಉಗುಳಿ ನನ್ನ ಮುಖ ನೋಡಿದಳು. "ಬಿಡುದು ಯಾರು ಅಕ್ಕೋರೆ? ಉಬ್ಬರ ಬಂತು, ನೀರು ಬಂತು. ಮಧ್ಯಾಹ್ನ ಇಳಿತ, ಹೋಗ್ತದೆ."

ಅವ್ವ ನನ್ನ ನೆರವಿಗೆ ಬಂದಳು. "ಅಲ್ಲವಾ, ಮ್ಯಾಲಿನ ಮಂದಿ ತಡದ್ರಂದ್ರ?"

"ಮೇಲಿನವರು ಎಲ್ಲಿದ್ದಾರೆ? ಸಮುದ್ರದಲ್ಲಿ ಯಾರು ತಡೀತಾರೆ? ಮೀನು ತಡೀತದ್ಯಾ?" ಆಕೆ ನಕ್ಕ ನಗೆಗೆ ಒಡ್ಡಿನ ಮೇಲಿದ್ದ ಬೆಳ್ಳಕ್ಕಿಗಳು ಎದ್ದವು.

ಅವ್ವ ನಗಲಿಲ್ಲ. ಅವಳ ಕಣ್ಣು ಗದ್ದೆಯ ಮೇಲಿತ್ತು. ಒಡ್ಡಿನ ಅಂಚಿಗೆ ಒಣಗಿದ ಕಡೆ ಉಪ್ಪಿನ ಬಿಳಿ ಪೊರೆ ಕಟ್ಟಿತ್ತು. ಅವ್ವ ಬಾಗಿ ಅದನ್ನು ಮುಟ್ಟಿ ನೋಡಿದಳು. ಮೇಲೆದ್ದು ಆಕೆಯ ಕೈ ಎರಡೂ ಹಿಡಿದುಕೊಂಡು, ಸಾವಾದ ಮನೆಗೆ ಮಾತಾಡಿಸಲು ಹೋದಾಗಿನ ದನಿಯಲ್ಲಿ ಹೇಳಿದಳು: "ಸವಳ ಹತ್ತೇತಿ ತಾಯಿ. ನಮ್ಮದೂ ಹಿಂಗ ಆತು. ಏನ ಮಾಡೂದು, ನಮ್ಮ ಹಣೆಬಾರ. ಗಟ್ಟಿ ಮನಸ ಮಾಡ್ಕೋರಿ."

ಆಕೆಗೆ ತಲೆಬುಡ ತಿಳಿಯಲಿಲ್ಲ. "ಎಂತಾಯ್ತು ಇವರಿಗೆ?" ಅಂತ ನನ್ನನ್ನು ಕೇಳಿದಳು. ನಾನು ಸವಳಿನ ಕಥೆ ಹೇಳಿದೆ. ಆಕೆ ಅವ್ವನ ಕೈ ಬಿಡಿಸಿಕೊಳ್ಳದೆ, ಮನೆಗೆ ಕರೆದುಕೊಂಡು ಹೋಗಿ, ಭತ್ತ ತುಂಬಿಡುವ ಪಣತದಿಂದ ಒಂದು ಬೊಗಸೆ ಕೆಂಪು ಭತ್ತ ತಂದು ಅವ್ವನ ಉಡಿಗೆ ಹಾಕಿದಳು. ಉಪ್ಪಿನ ನೆಲದಲ್ಲೇ ಬೆಳೆಯುವ ಕಗ್ಗ ಭತ್ತ. ಆ ಗದ್ದೆಗಳಿಗೆ ಗಜನಿ ಅನ್ನುತ್ತಾರೆ. ಮಳೆಗಾಲದಲ್ಲಿ ಗುಡ್ಡದ ಸಿಹಿನೀರು ಬಂದು ಉಪ್ಪು ತೊಳೆದಾಗ ಕಗ್ಗ ಬಿತ್ತುತ್ತಾರೆ; ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟುಕೊಂಡು ಮೀನು, ಸಿಗಡಿ ಹಿಡಿಯುತ್ತಾರೆ. ಅವ್ವ ಭತ್ತದ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದಳು. "ಅನ್ನ ಐತಲ್ಲವಾ ಇದರಾಗ," ಅಂದಳು.

ನಾನು ಊಟ ಬಿಟ್ಟು ಒಡ್ಡಿನ ಮೇಲೆ ಹೋಗಿ ಕೂತೆ. ನಾಚಿಕೆಯಿಂದಲ್ಲ, ಹಟದಿಂದ. ಬೆಳಿಗ್ಗೆ ಒಳಗೆ ನುಗ್ಗುತ್ತಿದ್ದ ನೀರು ಮೊದಲು ನಿಂತಿತು. ಆಮೇಲೆ ಒಂದು ತೆಂಗಿನ ಗರಿ ಅದೇ ಬಾಗಿಲಿನಿಂದ, ಬಂದ ದಾರಿಯಲ್ಲೇ ಹಿಂದಕ್ಕೆ ತೇಲತೊಡಗಿತು. ನಾನು ಹುಟ್ಟಿದಾಗಿನಿಂದ ನೀರು ಒಂದೇ ಕಡೆಗೆ ಹರಿಯುವುದನ್ನು ಕಂಡವಳು. ತಲೆಗಿದ್ದವನು ದೊಡ್ಡವನು, ಬಾಲಕ್ಕಿದ್ದವನು ಸಣ್ಣವನು. ಇದನ್ನು ನೆಲದ ಸ್ವಭಾವ ಅಂತಲೇ ತಿಳಿದಿದ್ದೆ. ಇಲ್ಲಿ ನೀರು ಎಲ್ಲರಿಗೂ ಒಮ್ಮೆಲೇ ಬರುತ್ತದೆ, ಎಲ್ಲರಿಂದಲೂ ಒಮ್ಮೆಲೇ ಹೋಗುತ್ತದೆ. ಹಾಗಂತ ಇವರೇನೂ ದೇವರಲ್ಲ. ಒಬ್ಬ ತನ್ನ ಪಾಲಿನ ಒಡ್ಡು ಕಟ್ಟಲು ಬೇಸರಪಟ್ಟರೆ ಊರಿಗೆ ಊರೇ ಉಪ್ಪಾಗುತ್ತದೆ. ಹಾಗಾಗಿ ಹಿಂದೆ ಮನೆಗೊಬ್ಬರಂತೆ ಬಂದು ಒಡ್ಡು ಕಟ್ಟಲೇಬೇಕೆಂಬ ಕಟ್ಟುಪಾಡು ಇತ್ತಂತೆ. ಈಗ ಅದು ಸಡಿಲಾಗಿದೆ. ಒಡ್ಡು ಒಡೆದ ಕಡೆ ಗದ್ದೆ ಹೋಗಿ ಸಿಗಡಿ ಹೊಂಡಗಳಾಗಿವೆ. ಅಲ್ಲಿಯೂ ಜಗಳವಿದೆ. ಆದರೆ ಜಗಳದ ನಕ್ಷೆ ಬೇರೆ.

ನಾನು ಓದಿದ ಪುಸ್ತಕಗಳಲ್ಲಿ ಆ ಜಿಲ್ಲೆಯ ಇತಿಹಾಸ ಅಂದರೆ ಹಡಗು, ಮೆಣಸು, ಬಂದರು, ಯಾವ ಅರಸು ಯಾವ ಕೋಟೆ ಗೆದ್ದ ಅನ್ನುವುದು. ಒಡ್ಡು ಕಟ್ಟಿದವರು ಯಾರು ಅಂತ ಒಂದು ಸಾಲು ಸಿಗಲಿಲ್ಲ. ಸಿಗದಿದ್ದರೆ ಸಿಗದೆ ಹೋಗಲಿ, ನಾನು ಬರೆಯುತ್ತೇನೆ ಅಂದುಕೊಂಡೆ. ಬೆಳಿಗ್ಗೆ ಎಳೆದ ಬಾಣವನ್ನು ಅಳಿಸಲಿಲ್ಲ. ಅದರ ಪಕ್ಕದಲ್ಲೇ ಎದುರು ದಿಕ್ಕಿಗೆ ಇನ್ನೊಂದು ಎಳೆದೆ.

ಪ್ರಬಂಧದಲ್ಲಿ ಎಲ್ಲವನ್ನೂ ಬರೆದೆ. ನಾನು "ಯಾರ ಪಾಳಿ" ಅಂತ ಕೇಳಿದ್ದು, ಅವ್ವ ಚೆನ್ನಾಗಿದ್ದ ಗದ್ದೆಗೆ ಶೋಕ ಮಾಡಿದ್ದು, ಅಲ್ಲಿಂದ ಶುರುಮಾಡಿ ಗಜನಿ ಹೇಗೆ ಕಟ್ಟಿದ್ದು, ಉಪ್ಪಿನ ಆಗರಗಳು ಎಲ್ಲಿದ್ದವು, ಉಪ್ಪು ಯಾವ ದಾರಿಯಿಂದ ಘಟ್ಟ ಹತ್ತಿತು, ಎಲ್ಲ. ಸರ್ ಓದಿ ಕೆಂಪು ಪೆನ್ನಿನಿಂದ ಮೊದಲ ಪುಟಗಳನ್ನು ಅಡ್ಡ ಹೊಡೆದರು.

"ಇದನ್ನ ತಗದ ಹಾಕು. ನಗಿಪಾಟಲಾಗತೈತಿ. ಪ್ರಬಂಧದಾಗ ನಿಮ್ಮವ್ವನ್ನ ಯಾಕ ತಂದಿ?"

"ಅಕಿ ನನ್ನ ಜೋಡಿ ಬಂದಿದ್ಳರಿ ಸರ್."

"ಬಂದಿದ್ರ ಬಂದಿದ್ಳು. ಹೊರಗಿನ ಪರೀಕ್ಷಕರು ಕಠಿಣ ಅದಾರ. ತಿದ್ದಿ ಕೊಡು ಅಂದ್ರ ನಿನ್ನ ರಿಸಲ್ಟ್ ಮುಂದಿನ ಸಲಕ್ಕ ಹೋಗತೈತಿ, ತಿಳೀತ?"

ಮುಂದಿನ ಸಲ ಅಂದರೆ ನನಗೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಒಂದೇ ಏಟಿಗೆ ಅಂತ ಅಪ್ಪ ಮಾತು ಕೊಟ್ಟಿದ್ದ. ಮುಂದಿನ ಸಲ ಅಂದರೆ ಹುಕ್ಕೇರಿ, ಅಕ್ಕಿಕಾಳು, ಗೊಬ್ಬರದ ಅಂಗಡಿಯ ಹಿಂದಿನ ಮನೆ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಬಹಳ ಯೋಚನೆ ಮಾಡಿದೆ. ಆ ಪುಟಗಳನ್ನು ತೆಗೆದರೆ ಪ್ರಬಂಧ ಯಾರದಾದರೂ ಆಗಬಹುದಿತ್ತು. ಪುಸ್ತಕದಂಗಡಿಯಲ್ಲಿ ಕೊಂಡು ತಂದದ್ದೂ ಆಗಬಹುದಿತ್ತು. ನನ್ನದಾಗುತ್ತಿರಲಿಲ್ಲ. ಹಾಗೇ ಬೈಂಡ್ ಮಾಡಿಸಿ ಕೊಟ್ಟೆ.

ಪರೀಕ್ಷಕರು ಬೇರೆ ಕಡೆಯಿಂದ ಬಂದಿದ್ದ ಹಿರಿಯರು. ಕಡ್ಡಿ ಮುರಿದಂತೆ ಮಾತು. ಕೋಣೆಯಲ್ಲಿ ಅವರು, ನಮ್ಮ ಸರ್, ನಾನು. ಹಾಳೆ ತಿರುವುತ್ತ, ತಲೆ ಎತ್ತದೆ ಕೇಳಿದರು:

"ಇದನ್ನು ಯಾರು ಬರೆದುಕೊಟ್ಟರು?"

"ನಾನ ಬರದೇನ್ರಿ ಸರ್."

"ತಂದೆ ಏನು ಮಾಡ್ತಾರೆ?"

"ಕಾಲುವಿಗೆ ನೀರ ಬಿಡ್ತಾರ್ರಿ."

"ಹೂಂ. ನೋಡಿ, ಗಜನಿ ಬಗ್ಗೆ ಬರೆದವರಿಗೆ ಭೂಗೋಳ ಗೊತ್ತಿದೆ. ಮೊದಲ ಪುಟದಲ್ಲಿ ಉಬ್ಬರದ ನೀರು ನೋಡಿ ಇವತ್ತು ಯಾರ ಸರದಿ ಅಂತ ಕೇಳಿದವರಿಗೆ ಏನೂ ಗೊತ್ತಿಲ್ಲ. ಇವರಿಬ್ಬರೂ ಒಬ್ಬರೇ ಅಂತ ನಾನು ಹೇಗೆ ನಂಬಲಿ?"

"ಕೇಳಿದಾಕಿನೂ ನಾನ, ಬರದಾಕಿನೂ ನಾನ ರೀ. ಮೊದಲನೇ ದಿನ ಕೇಳಿದ್ದು ಅದು. ಕಡೀ ದಿನ ಬರದದ್ದು ಇದು. ನಡುವ ನಾ ಅಲ್ಲೇ ಒಡ್ಡಿನ ಮ್ಯಾಲ ಕುಂತಿದ್ನಿ."

"ಹಾಗಾದರೆ ಆ ಮೊದಲ ಪುಟಗಳನ್ನು ತೆಗೆದು, ಮುಂದಿನ ಸಲ ಕೊಡಿ."

"ತಗಿಯಂಗಿಲ್ಲರಿ."

ನಮ್ಮ ಸರ್ ಮೇಲಿನ ಫ್ಯಾನು ನೋಡತೊಡಗಿದರು. ಪರೀಕ್ಷಕರು ಮೊದಲ ಸಲ ತಲೆ ಎತ್ತಿದರು. ಬಾಯಿಂದ ಹೋದ ಮಾತು ಹೋಗಿತ್ತು. ಇನ್ನು ಹಿಂದೆ ಸರಿಯುವುದರಲ್ಲಿ ಏನೂ ಉಳಿಯುವುದಿಲ್ಲ ಅನ್ನಿಸಿತು. ನನ್ನ ಹಳ್ಳಿಯ ಮಾತು ಬಿಟ್ಟು ಪುಸ್ತಕದ ಮಾತು ಹುಡುಕಲಿಲ್ಲ. ಹುಡುಕಿದ್ದರೆ ಸಿಗುತ್ತಲೂ ಇರಲಿಲ್ಲ.

"ನೀರ ಒಂದ ಕಡೆ ಹರೀತೈತಿ ಅಂತ ತಿಳಕೊಂಡ ಊರಿಂದ ಬಂದಾಕಿ ನಾನು. ಅದಕ್ಕ ಅಲ್ಲಿ ಎರಡ ಕಡೆ ಹರಿಯೂದು ನನಗ ಕಂಡ್ತು. ಅಲ್ಲೇ ಹುಟ್ಟಿದವರಿಗೆ ಅದು ದಿನದ ಮಾತು, ಯಾರ ಬರೀತಾರ್ರಿ? ನಾ ಎಲ್ಲಿಂದ ನೋಡೇನಿ ಅಂತ ಹೇಳಲಿಲ್ಲಂದ್ರ, ಏನ ನೋಡೇನಿ ಅನ್ನೂದೂ ಸುಳ್ಳಾಗತೈತ್ರಿ ಸರ್."

ಅವರು ಸೀಮೆಸುಣ್ಣ ಮುಂದೆ ಸರಿಸಿದರು. "ನಕ್ಷೆ ಬರೆಯಿರಿ. ಪುಸ್ತಕ ನೋಡದೆ."

ಬರೆದೆ. ಘಟ್ಟದ ಸಾಲು, ನದಿ, ನದಿಯ ಬಾಯಿ, ಆಗರ, ಒಡ್ಡು, ಬಾಗಿಲುಗಳು, ಎರಡು ಬಾಣ. ಒಡ್ಡಿನ ಗೆರೆ ಸೊಟ್ಟ ಬಂತು. ಖರೆ ಒಡ್ಡೂ ಸೊಟ್ಟವೇ ಇತ್ತು. ಅವರು ಹಲಗೆ ನೋಡಿ, ಕುರ್ಚಿಗೆ ಒರಗಿ ಕೇಳಿದರು:

"ಒಂದು ಪ್ರಶ್ನೆ. ನೀವು ಅಲ್ಲಿಗೆ ಹೋಗಿ ಒಂದು ತಪ್ಪು ಮಾಡಿದಿರಿ. ಆ ಗಜನಿಯವರು ನಿಮ್ಮೂರಿಗೆ ಬಂದರೆ ಏನು ತಪ್ಪು ಮಾಡ್ತಾರೆ?"

ಇದಕ್ಕೆ ಯೋಚನೆಯೇ ಬೇಕಾಗಲಿಲ್ಲ. "ಕಾಲುವಿ ಬತ್ತಿದಾಗ ಸಂಜಿಗಿ ತಾನ ಬರತೈತಿ ಅಂತ ದಂಡಿ ಮ್ಯಾಲ ಕಾಯಕೋಂತ ಕುಂದರ್ತಾರ್ರಿ."

ಅವರ ಮುಖ ಮೊದಲು ಹಾಗೇ ಇತ್ತು. ಆಮೇಲೆ ಹೊಟ್ಟೆ ಅಲುಗಿತು, ಕನ್ನಡಕ ತೆಗೆದರು. "ಎಷ್ಟು ಹೊತ್ತು ಕಾಯ್ತಾರೆ?"

"ನಮ್ಮಪ್ಪ ಬಂದು, ಏಳ್ರಿ, ನಿಮ್ಮ ಪಾಳಿ ಮುಂದಿನ ವಾರ ಅಂತ ಹೇಳೂತನಕ."

ನಮ್ಮ ಸರ್‌ಗೂ ನಗು ತಡೆಯಲಾಗಲಿಲ್ಲ. ಪರೀಕ್ಷಕರು ಪೆನ್ನು ತೆಗೆದು ಪ್ರಬಂಧದ ಮೇಲೆ ಸಹಿ ಹಾಕಿದರು. "ಆ ಪುಟಗಳು ಇರಲಿ," ಅಂದರು. "ನೀವು ಹೋಗಬಹುದು." ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಕಾರವಾರದವಳು ಓಡಿ ಬಂದು, "ಏನಾಯ್ತೇ?" ಅಂದಳು. "ಆಗಂಗಿಲ್ಲ ಅಂದದ್ದು ಆತು," ಅಂದೆ.

ರಿಸಲ್ಟ್ ಬಂದದ್ದು, ಪಾಸಾದದ್ದು ಎಲ್ಲ ಮೊಬೈಲಿನಲ್ಲಿ ಗೊತ್ತಾಯಿತು. ಮಾವನಿಗೆ ಅಪ್ಪ ಫೋನು ಮಾಡಿ ಹೇಳಿದ. ಆಚೆಯಿಂದ, "ಮೊಬೈಲನ್ಯಾಗ ಏನರೆ ಬರತೈತಿ, ಕಾಗದ ಬರ್ಲಿ ನೋಡೋಣು" ಅನ್ನುವ ಉತ್ತರ ಬಂತು. ಸರಿ, ಕಾಗದವೇ ಬರಲಿ ಅಂತ ನಾನೂ ಹಲ್ಲು ಕಚ್ಚಿ ಕಾದೆ. ಪದವಿ ಪ್ರಮಾಣಪತ್ರ ಕೈಗೆ ಸಿಕ್ಕ ದಿನ ಬೆಳಗಾವಿಯಿಂದ ಕಲ್ಲೋಳಿಯ ದಾರಿ ಹಿಡಿಯಲಿಲ್ಲ. ಅಪ್ಪನಿಗೆ ಹುಕ್ಕೇರಿ ಬಸ್‌ ಸ್ಟ್ಯಾಂಡಿಗೆ ಬಾ ಅಂದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆಗೆ ಹೊಸ ಟೊಪ್ಪಿಗೆ ಇಟ್ಟುಕೊಂಡು ಬಂದು ನಿಂತಿದ್ದ.

"ಮನಿಗೆ ಹೋಗೋದ ಬಿಟ್ಟ ಮೊದಲ ಇಲ್ಲಿ ಯಾಕ?" ಅಂದ.

"ಮಾತ ಕೊಟ್ಟಿದ್ದಿಲ್ಲೇನ ನೀನು? ತೀರಸಾಕ."

ಅಂಗಡಿಯಲ್ಲಿ ಜನವಿತ್ತು. ಬಿತ್ತನೆಯ ಕಾಲ. ಗೊಬ್ಬರದ ಧೂಳು ಮೂಗಿಗೆ ಅಡರುತ್ತಿತ್ತು. ಮಾವ ಯಾರಿಗೋ ಚೀಟಿ ಬರೆಯುತ್ತಿದ್ದವನು ನಮ್ಮಿಬ್ಬರನ್ನೂ ನೋಡಿ, ಏನೋ ಅನಾಹುತ ಆಗಿದೆ ಅಂತ ತಿಳಿದು ಎದ್ದು ನಿಂತ. "ಏನಾತು? ತಂಗಿ ಆರಾಮ ಅದಾಳಿಲ್ಲ?"

"ಅವ್ವ ಆರಾಮ ಅದಾಳ ಮಾಮಾ," ಅಂದೆ. ಚೀಲದಿಂದ ಕಾಗದ ತೆಗೆದು ಎರಡೂ ಕೈಯಿಂದ ಅವನ ಮುಂದೆ ಹಿಡಿದೆ. "ನೀವ ಕೇಳಿದ್ರಿ. ತಗೋರಿ."

ಮಾವ ತೆಗೆದುಕೊಳ್ಳಲಿಲ್ಲ. ಅಂಗೈ ಎರಡೂ ನೋಡಿಕೊಂಡ. ಗೊಬ್ಬರದಿಂದ ಬೂದಿಯಾಗಿದ್ದವು. ಧೋತರಕ್ಕೆ ಒರೆಸಿಕೊಂಡ, ಸಾಲದೆಂದು ಕೊಡದ ನೀರಿನಲ್ಲಿ ತೊಳೆದು ಮತ್ತೆ ಒರೆಸಿಕೊಂಡ. ಆಮೇಲೆ ಅಂಚಿಗೆ ಮಾತ್ರ ಬೆರಳು ತಾಗಿಸಿ ಹಿಡಿದು, ಕನ್ನಡದಲ್ಲಿದ್ದ ಭಾಗವನ್ನು ತುಟಿ ಅಲುಗಿಸುತ್ತ ಓದಿದ. ನನ್ನ ಹೆಸರು ಬಂದಲ್ಲಿ ನಿಂತ. ಅಪ್ಪನ ಹೆಸರು ಬಂದಲ್ಲಿ ಅಪ್ಪನ ಮುಖ ನೋಡಿದ. ಅಪ್ಪ ಟೊಪ್ಪಿಗೆ ಸರಿಮಾಡಿಕೊಂಡ. ಕಬ್ಬಿಗೆ ಗೊಬ್ಬರ ಒಯ್ಯಲು ಬಂದಿದ್ದ ಮುದುಕನೊಬ್ಬ, "ಏನ್ರಿ ಅದು ಸಾವಕಾರ, ಹೊಲದ ಕಾಗದ, ಉತಾರೇನ?" ಅಂತ ಕೇಳಿದ.

"ಹೊಲದ್ದಲ್ಲೋ. ನಮ್ಮ ಹುಡುಗೀದು," ಅಂದ ಮಾವ, ಸಿಟ್ಟಿನಿಂದ.

ಅವನ ಮಗ ಚೀಲಗಳ ಹಿಂದಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಈ ಸಲ ಮೊಬೈಲು ತೆಗೆಯಲಿಲ್ಲ. ನನ್ನ ಕಡೆ ನೋಡಿ ನಕ್ಕ. ಬಹಳ ವರ್ಷಗಳ ಭಾರ ತಲೆಯಿಂದ ಇಳಿದವನ ನಗೆ ಅದು. ಅವನಿಗೂ ಬೇಡವಾಗಿತ್ತು ಅಂತ ನನಗೆ ಆಗ ತಿಳಿಯಿತು.

ಮಾವ ಕಾಗದವನ್ನು ಮಡಚದೆ, ಬೆಳಕಿಗೆ ಒಮ್ಮೆ ಹಿಡಿದು ನೋಡಿ, ನನ್ನ ಕೈಗೆ ಮರಳಿ ಕೊಟ್ಟ.

"ತಗೋ. ಇನ್ನ ಈ ನಮ್ಮ ಹುಡುಗಗ ಬ್ಯಾರೆ ಕಡೆ ಹೆಣ್ಣ ನೋಡಬೇಕಾತಲ್ಲ," ಅಂದ. "ಹೋಗೂಮುಂದ ನೀನೂ ಬಾ. ಹುಡುಗಿ ಏನ ಓದ್ಯಾಳ ಅಂತ ಕೇಳಾಕ ನಮ್ಮ ಕಡಿಂದನೂ ಓದಿದಾಕಿ ಒಬ್ಬಾಕಿ ಇರಲಿ."